ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗೆ ಆರೋಗ್ಯ ವಿಮೆ ಕಡ್ಡಾಯವಾಗಿ ಸಿಗಬೇಕಲ್ಲವೇ?

ಪ್ರಶ್ನೆ: ಸುರತ್ಕಲ್‌ನಿಂದ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ಪತ್ರಿಕೆ ಓದುವಾಗ ಸಾಲುಗಳು ಡೊಂಕಾಗಿ ಕಾಣುತ್ತವೆ ಎಂದು ಅವರು ಹೇಳಿದ ಮೇಲೆ ಮಂಗಳೂರಿನಲ್ಲಿ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿದೆ, ತಿಂಗಳಿಗೊಂದರಂತೆ ಕೆಲವು ಇಂಜೆಕ್ಷನ್‌ಗಳನ್ನು ಕಣ್ಣಿನೊಳಗೇ ಕೊಡಬೇಕಾಗುತ್ತದೆ ಎಂದು ಅವರು ತಿಳಿಸಿದರು. ಮೊದಲ ಇಂಜೆಕ್ಷನ್ ಆದ ದಿನವೇ ಅಮ್ಮನನ್ನು ಮನೆಗೆ ಕರೆತಂದೆವು. ಆದರೆ 24 ಗಂಟೆ ದಾಖಲಾಗಿರಲಿಲ್ಲವಾದ್ದರಿಂದ ಇದು ಹೊರರೋಗಿ ಚಿಕಿತ್ಸೆ ಎಂದು ಹೇಳಿ ವಿಮಾ ಕಂಪನಿ ಹಣ ನಿರಾಕರಿಸಿದೆ. ಪಾಲಿಸಿ ಮಾಡಿಸಿ ಐದು ವರ್ಷ ದಾಟಿದೆ, ಸಕ್ಕರೆ ಕಾಯಿಲೆಯ ವಿಷಯವನ್ನು ಆಗಲೇ ಅರ್ಜಿಯಲ್ಲಿ ಬರೆದಿದ್ದೆವು. ಹೊಸ ಚಿಕಿತ್ಸೆಗಳನ್ನು ಕಡ್ಡಾಯವಾಗಿ ವಿಮೆಯೊಳಗೆ ತರುವ ನಿಯಮ ಬಂದಿದೆಯೆಂದು ಕೇಳಿದ್ದೇನೆ. ಅದು ಈ ಇಂಜೆಕ್ಷನ್‌ಗೆ ಅನ್ವಯಿಸುತ್ತದೆಯೇ? ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಓಸಿಟಿ ಪರೀಕ್ಷೆಯ ಖರ್ಚೂ ಸಿಗುತ್ತದೆಯೇ?

ಉತ್ತರ: ಉಡುಪಿಯಿಂದ (ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ)

ಅನ್ವಯಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಹೆಸರಿಸಿ, ಇವುಗಳನ್ನು ಆಸ್ಪತ್ರೆಯ ಖರ್ಚು ಭರಿಸುವ ಯಾವ ಆರೋಗ್ಯ ಪಾಲಿಸಿಯೂ ಹೊರಗಿಡುವಂತಿಲ್ಲ ಎಂದು ಹೇಳಿದೆ. ರೋಬೋಟಿಕ್ ಶಸ್ತ್ರಚಿಕಿತ್ಸೆ, ಮಾತ್ರೆಯ ರೂಪದ ಕಿಮೋಥೆರಪಿ, ಇಂಜೆಕ್ಷನ್ ಮೂಲಕ ಕೊಡುವ ಮೋನೋಕ್ಲೋನಲ್ ಆಂಟಿಬಾಡಿ (ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ), ಪಾರ್ಕಿನ್ಸನ್ ರೋಗಿಗಳಿಗೆ ನೆರವಾಗುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಮುಂತಾದವುಗಳ ಜೊತೆಗೆ, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಕೂಡ ಆ ಪಟ್ಟಿಯಲ್ಲಿದೆ. ವೈದ್ಯಕೀಯವಾಗಿ ಅಗತ್ಯವಿರುವಲ್ಲಿ ಒಳರೋಗಿಯಾಗಿ ಮಾತ್ರವಲ್ಲದೆ ಆಸ್ಪತ್ರೆಯ ಡೇ ಕೇರ್ (24 ಗಂಟೆಯೊಳಗೆ ಮುಗಿಸಿ ಮನೆಗೆ ಕಳಿಸುವ) ಚಿಕಿತ್ಸೆಯಾಗಿಯೂ ಇವುಗಳಿಗೆ ರಕ್ಷಣೆ ಇರಬೇಕೆಂದು ಅದರಲ್ಲೇ ಸ್ಪಷ್ಟವಾಗಿ ಬರೆದಿರುವುದರಿಂದ, 24 ಗಂಟೆ ಆಗಲಿಲ್ಲವೆಂಬ ಒಂದೇ ಕಾರಣ ನಿಲ್ಲುವುದಿಲ್ಲ. ಈ ನಿಯಮಕ್ಕೆ ಹೊಂದದ ಹಳೆಯ ಪಾಲಿಸಿಗಳನ್ನು 2020ರ ಅಕ್ಟೋಬರ್ 1ರಿಂದ ಮಾರುವಂತೆಯೂ ಇಲ್ಲ.

ಆದರೆ ಸೇರಿಸಬೇಕು ಎಂದ ಮಾತ್ರಕ್ಕೆ ಬಿಲ್ಲಿನ ಪೂರ್ತಿ ಹಣ ಕೊಡಬೇಕು ಎಂದಾಗುವುದಿಲ್ಲ. ಈ ಚಿಕಿತ್ಸೆಗಳಿಗೆ ಪ್ರತ್ಯೇಕ ಮಿತಿ ಹಾಕಿರುವ ಪಾಲಿಸಿಗಳು ಬಹಳ. ಎಲ್ಲ ಕಂಪನಿಗಳೂ ಕಡ್ಡಾಯವಾಗಿ ಮಾರಬೇಕಾದ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಕೂಡ ಆ ಹನ್ನೆರಡಕ್ಕೆ ವಿಮಾ ಮೊತ್ತದ ಶೇ. 50ರ ಮಿತಿಯಿದೆ, ಅದರ ಮೇಲೆ ಪ್ರತಿ ಕ್ಲೇಮ್‌ನಲ್ಲಿ ಶೇ. 5 ನಾವೇ ಭರಿಸಬೇಕು. ನನ್ನ ದೃಷ್ಟಿಯಲ್ಲಿ ಜನರಿಗೆ ನಿಜವಾದ ಪೆಟ್ಟು ಬೀಳುವುದು ಈ ಮಿತಿಗಳಿಂದಲೇ. ನಿರಾಕರಣೆಯನ್ನು ಪ್ರಶ್ನಿಸಬಹುದು, ಸಹಿ ಮಾಡಿದ ಮಿತಿಯನ್ನು ಪ್ರಶ್ನಿಸುವುದು ಕಷ್ಟ. ಪಾಲಿಸಿಯ ಕೊನೆಯ ಪುಟಗಳಲ್ಲಿರುವ ಕೋಷ್ಟಕವನ್ನು ಇಂದೇ ತೆರೆದು ನೋಡಿ.

ಪರೀಕ್ಷೆಯ ವಿಷಯ ಬೇರೆ. ಬರೀ ತಪಾಸಣೆಗಾಗಿ ದಾಖಲಾದರೆ ಹಣ ಸಿಗದು. ಅದೇ ಕಾಯಿಲೆಯ ಚಿಕಿತ್ಸೆಗೆ ಮುನ್ನ, ಪಾಲಿಸಿ ನಿಗದಿಪಡಿಸಿದ ಅವಧಿಯೊಳಗೆ ಮಾಡಿಸಿದ ಪರೀಕ್ಷೆಯನ್ನು ಚಿಕಿತ್ಸೆಯ ಭಾಗವಾಗಿ ಕೇಳಬಹುದು. ಆರೋಗ್ಯ ಸಂಜೀವನಿಯಲ್ಲಿ ದಾಖಲಾತಿಗೆ ಮುಂಚಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನ ಇದಕ್ಕೆ ಸಲ್ಲುತ್ತವೆ. ಓಸಿಟಿ ವರದಿಯ ದಿನಾಂಕ, ಅದನ್ನು ಮಾಡಿಸಲು ವೈದ್ಯರು ಬರೆದ ಚೀಟಿ, ಡೇ ಕೇರ್ ಎಂದು ನಮೂದಿಸಿದ ಡಿಸ್ಚಾರ್ಜ್ ಸಮ್ಮರಿ, ಈ ಮೂರೂ ಜೊತೆಯಲ್ಲಿರಲಿ.

ಉತ್ತರ: ಕಾರ್ಕಳದಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಪಟ್ಟಿಯಲ್ಲಿದ್ದೂ ಕೈಗೆ ಸಿಗದ ಚಿಕಿತ್ಸೆಗಳಿವೆ ಎಂಬುದನ್ನು ನಾನು ಸೇರಿಸಲೇಬೇಕು. ನಮ್ಮ ಯಜಮಾನರಿಗೆ ಕ್ಯಾನ್ಸರ್‌ಗೆ ಮಾತ್ರೆ ಬರೆದುಕೊಟ್ಟಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲಿನ 60 ದಿನಗಳ ಮಾತ್ರೆಗೆ ಹಣ ಬಂತು, ನಂತರದ ಬಿಲ್ಲುಗಳೆಲ್ಲ ಹಿಂದಿರುಗಿದವು. ಮಾತ್ರೆಯನ್ನಾದರೋ ಅವರು ವರ್ಷಗಟ್ಟಲೆ ನುಂಗಬೇಕು. ನಿಯಮವು ಆಸ್ಪತ್ರೆಯ ಹಾಸಿಗೆಯನ್ನು ಲೆಕ್ಕಕ್ಕೆ ಇಟ್ಟುಕೊಂಡಿರುವುದರಿಂದ, ಮನೆಯಲ್ಲಿ ಕುಳಿತು ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳುವ ಮದ್ದಿಗೆ ಅಲ್ಲಿ ಜಾಗವೇ ಇಲ್ಲದಂತಾಗಿದೆ. ಇದನ್ನು ಪ್ರಾಧಿಕಾರ ತಿದ್ದಲೇಬೇಕು. ಹೊರರೋಗಿ ಔಷಧಕ್ಕೂ ರಕ್ಷಣೆಯಿರುವ ಪಾಲಿಸಿಯೇ ಎಂದು ಮೊದಲೇ ವಿಚಾರಿಸಿಕೊಳ್ಳಿರಿ.

ಉತ್ತರ: ಬೈಕಂಪಾಡಿಯಿಂದ

ನಿಮ್ಮ ಮನೆಯಲ್ಲಿ ಯಾರಾದರೂ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ, ಅಂಗಡಿ, ಹೋಟೆಲಿನಲ್ಲಿದ್ದು, ತಿಂಗಳ ವೇತನ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅವರಿಗೆ ಕಡ್ಡಾಯವಾಗಿ ಅನ್ವಯಿಸುತ್ತದೆ. ನೌಕರನಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಹೋಗುತ್ತದೆ. ಅವಲಂಬಿತ ತಂದೆತಾಯಿಯರೂ ಅದರ ಕುಟುಂಬದ ವ್ಯಾಖ್ಯೆಯೊಳಗೆ ಬರುತ್ತಾರೆ. ಖಾಸಗಿ ಪಾಲಿಸಿಯಂತೆ ಚಿಕಿತ್ಸೆಯ ಖರ್ಚಿಗೆ ಮೊತ್ತದ ಮಿತಿ ಅಲ್ಲಿಲ್ಲ, ಹೊರರೋಗಿಗಳಿಗೂ ಔಷಧ ಸಿಗುತ್ತದೆ. ಮಂಗಳೂರಿನ ಶಿವಭಾಗ್‌ನಲ್ಲಿರುವ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ನನ್ನ ತಮ್ಮನ ವೇತನ ಆ ಮಿತಿಯೊಳಗಿದೆ, ಅವನ ಸಂಸ್ಥೆಯಲ್ಲಿ ಕೇಳುತ್ತೇನೆ. ನಮ್ಮ ಪಾಲಿಸಿಯಲ್ಲಿ ಈ ಇಂಜೆಕ್ಷನ್‌ಗೆ ಮಿತಿಯಿದೆ, ಆದರೆ ಹೊರಗಿಡಲಾಗಿದೆ ಎಂದು ಎಲ್ಲಿಯೂ ಬರೆದಿಲ್ಲ. ಕಂಪನಿ ಮತ್ತೆ ಇಲ್ಲವೆಂದರೆ ಯಾರ ಬಳಿ ಹೋಗಬೇಕು?

ಉತ್ತರ: ಉಡುಪಿಯಿಂದ

ಪಾಲಿಸಿಯ ಯಾವ ಷರತ್ತಿನಡಿ ನಿರಾಕರಿಸಿದ್ದಾರೆಂದು ಲಿಖಿತವಾಗಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅವರು ಒಪ್ಪದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಈ ನಡುವೆ ಅಮ್ಮನ ಮುಂದಿನ ಇಂಜೆಕ್ಷನ್‌ನ ದಿನವನ್ನು ಮಾತ್ರ ಮುಂದೂಡಬೇಡಿ; ಬಿಲ್ಲಿನ ಹಣವನ್ನು ಆಮೇಲೂ ಕೇಳಿ ಪಡೆಯಬಹುದು.