ಮೇಲೆ ಐಸ್ ಗಟ್ಟಿ, ಕೆಳಗೆ ತಂಪೇ ಇಲ್ಲ: ಫ್ರಿಜ್‌ಗೆ ಗ್ಯಾಸ್ ತುಂಬಿಸಬೇಕಾ?

ಪ್ರಶ್ನೆ, ಗಿರಿನಗರದಿಂದ:
ನಮ್ಮದು ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್, ಏಳು ವರ್ಷದ್ದು. ಮೇಲೆ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿ ಕಟ್ಟುತ್ತದೆ. ಕೆಳಗೆ ಮಾತ್ರ ತಂಪಿಲ್ಲ. ಕಾಯಿಸಿಟ್ಟ ಹಾಲು ಮರುದಿನ ಕಾಫಿಗೆ ಇಟ್ಟರೆ ಒಡೆಯುತ್ತದೆ. ರಾತ್ರಿ ಇಟ್ಟ ದೋಸೆ ಹಿಟ್ಟು ಬೆಳಿಗ್ಗೆ ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿರುತ್ತದೆ. ರಿಪೇರಿಗೆ ಬಂದವರು ಬಾಗಿಲು ತೆಗೆದು ನೋಡಿದ್ದೇ ‘ಗ್ಯಾಸ್ ಹೋಗಿದೆ, ತುಂಬಿಸಬೇಕು’ ಅಂದರು. ಅತ್ತೆಯವರ ಇನ್ಸುಲಿನ್ ಕೂಡ ಇದರಲ್ಲೇ ಇಡುವುದು. ಅದಕ್ಕೇ ಭಯ. ಗ್ಯಾಸ್ ತುಂಬಿಸಲಾ, ಹೊಸದು ತಗೊಳ್ಳಲಾ?

ಉತ್ತರ, ರಾಜಾಜಿನಗರದ ಫ್ರಿಜ್ ಮೆಕ್ಯಾನಿಕ್:
ಮೇಡಂ, ಸ್ವಲ್ಪ ತಡೆಯಿರಿ, ಈಗಲೇ ದುಡ್ಡು ಕೊಡಬೇಡಿ. ಐಸ್ ಗಟ್ಟಿಯಾಗಿ ಕಟ್ಟುತ್ತಿದೆ ಅಂದರೆ ಗ್ಯಾಸ್ ಇದೆ, ಕಂಪ್ರೆಸರೂ ಸರಿ ಇದೆ ಅಂತಲೇ ಹೆಚ್ಚುಕಮ್ಮಿ ಲೆಕ್ಕ. ಫ್ರಿಜ್ ಗ್ಯಾಸ್ ಪೆಟ್ರೋಲ್ ತರಹ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಮ್ಮಿ ಆಗಿದ್ದರೆ ಎಲ್ಲೋ ಲೀಕ್ ಇರಬೇಕು. ಲೀಕ್ ಹುಡುಕದೆ ತುಂಬಿಸಿದ್ದು ಮತ್ತೆ ಹೋಗುತ್ತದೆ. ಗ್ಯಾಸ್ ಸರಿ ಇರುವ ಫ್ರಿಜ್‌ಗೆ ಗ್ಯಾಸ್ ತುಂಬಿಸಿ ದುಡ್ಡು ಕಳೆದುಕೊಂಡವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಿಮ್ಮ ತರಹದ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ತಂಪು ಮಾಡುವ ಕಾಯಿಲ್ ಒಂದೇ. ಅದು ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗೆ ಇರುತ್ತದೆ. ಒಂದು ಸಣ್ಣ ಫ್ಯಾನ್ ಅಲ್ಲಿಂದ ತಣ್ಣನೆ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಕಾಯಿಲ್ ಮೇಲೆ ಹಿಮ ಕೂರುವುದು ಸಹಜ. ಆಗಾಗ ಒಂದು ಹೀಟರ್ ಆನ್ ಆಗಿ ಅದನ್ನು ಕರಗಿಸುತ್ತದೆ. ನೀರು ಹಿಂದಿನ ಟ್ರೇಗೆ ಇಳಿದು ಅಲ್ಲೇ ಆರಿಹೋಗುತ್ತದೆ. ಹೀಟರ್, ಬೈಮೆಟಲ್ (ತಣ್ಣಗಿದ್ದಾಗ ಹೀಟರ್‌ಗೆ ಕರೆಂಟ್ ಬಿಟ್ಟು, ಬೆಚ್ಚಗಾದಾಗ ನಿಲ್ಲಿಸುವ ಸಣ್ಣ ಸ್ವಿಚ್), ಫ್ಯೂಸ್ (ಅತಿಯಾಗಿ ಕಾದರೆ ಕರೆಂಟ್ ಕಡಿಯುವುದು) ಇವುಗಳಲ್ಲಿ ಯಾವುದೇ ಒಂದು ಕೈಕೊಟ್ಟರೂ ಹಿಮ ಕರಗುವುದಿಲ್ಲ. ಕಟ್ಟಿ ಕಟ್ಟಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಆಗ ಮೇಲೆ ಐಸ್ ಇರುತ್ತದೆ, ಕೆಳಗೆ ಹಿಟ್ಟು ಹುಳಿ.

ಫ್ರೀಜರ್ ಬಾಗಿಲು ತೆಗೆದು, ಬಾಗಿಲ ಸ್ವಿಚ್ಚನ್ನು ಬೆರಳಿಂದ ಒತ್ತಿ ಹಿಡಿದು ಕೇಳಿ. ಫ್ಯಾನ್ ಐಸ್‌ಗೆ ತಾಗಿದರೆ ಗರಗರ ಅನ್ನುತ್ತದೆ. ಸದ್ದೇ ಇಲ್ಲದಿದ್ದರೆ ಫ್ಯಾನೇ ಹೋಗಿರಬಹುದು. ಆಮೇಲೆ ಪ್ಲಗ್ ಕಿತ್ತು, ಎಲ್ಲ ಖಾಲಿ ಮಾಡಿ, ಎರಡೂ ಬಾಗಿಲು ತೆಗೆದು ಒಂದು ಪೂರ್ತಿ ದಿನ ಬಿಡಿ. ಕೆಳಗೆ ಹಳೇ ಬಟ್ಟೆ ಹಾಸಿ. ಬೇಗ ಆಗಲಿ ಅಂತ ಚಾಕುವಿನಿಂದ ಮಾತ್ರ ಕೆರೆಯಬೇಡಿ. ಪೈಪ್ ತೂತಾದರೆ ಆಗ ನಿಜವಾಗಲೂ ಗ್ಯಾಸ್ ಹೋಗುತ್ತದೆ.

ಉತ್ತರ, ಯಲಹಂಕದಿಂದ:
ಇನ್ಸುಲಿನ್ ವಿಷಯ ಮೊದಲು ನೋಡಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ತಂಪು ಇದೆ ಅಂತ ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಇವತ್ತೇ ಪಕ್ಕದ ಮನೆಯವರ ಫ್ರಿಜ್‌ನಲ್ಲಿ ಇಟ್ಟುಬಿಡಿ. ಇಷ್ಟು ದಿನ ಬೆಚ್ಚಗಿದ್ದ ಬಾಟಲಿಯ ಬಗ್ಗೆ ಡಾಕ್ಟರನ್ನು ಕೇಳಿ. ಹಾಗೇ, ಕೆಳಗೆ ಗಾಳಿ ಬರುವ ಕಿಂಡಿಗೆ ಸೊಪ್ಪಿನ ಕವರೋ ಪಾತ್ರೆಯೋ ಅಡ್ಡ ಇಲ್ಲ ತಾನೆ?

ಗಿರಿನಗರದಿಂದ:
ಇನ್ಸುಲಿನ್ ಆಚೆ ಮನೆಗೆ ಕೊಟ್ಟೆವು. ಕಿಂಡಿಗೆ ಏನೂ ಅಡ್ಡ ಇರಲಿಲ್ಲ. ಸ್ವಿಚ್ ಒತ್ತಿದಾಗ ಗರಗರ ಸದ್ದು ಬಂತು ಸರ್! ಒಂದು ದಿನ ಆಫ್ ಮಾಡಿಟ್ಟೆ. ಟ್ರೇ ತುಂಬಿ ಅಡುಗೆಮನೆಯ ನೆಲದ ಮೇಲೆಲ್ಲಾ ನೀರು. ಈಗ ಸದ್ದಿಲ್ಲ, ಕೆಳಗಿನ ನೀರಿನ ಬಾಟಲಿ ಮುಟ್ಟಿದರೆ ಕೈ ಕೊರೆಯುತ್ತದೆ. ಇಷ್ಟಕ್ಕೇ ಸಾಕಾ?

ರಾಜಾಜಿನಗರದ ಮೆಕ್ಯಾನಿಕ್:
ಸಾಲದು ಮೇಡಂ. ಸುಮ್ನೆ ಬಿಟ್ಟರೆ ಒಂದೆರಡು ವಾರದಲ್ಲಿ ಮತ್ತೆ ಕಟ್ಟಬಹುದು. ಹೀಟರ್, ಬೈಮೆಟಲ್, ಫ್ಯೂಸ್ ಮೂರನ್ನೂ ಮಲ್ಟಿಮೀಟರ್ ಇಟ್ಟು ನಿಮ್ಮ ಎದುರಿಗೇ ಚೆಕ್ ಮಾಡಿಸಿ. ಬೈಮೆಟಲ್ ಚೆನ್ನಾಗಿ ತಣ್ಣಗಾಗಿದ್ದಾಗ ಮಾತ್ರ ಕನೆಕ್ಷನ್ ತೋರಿಸುತ್ತದೆ. ಫ್ರಿಜ್ ಆಫ್ ಮಾಡಿ ಬೆಚ್ಚಗಿರುವಾಗ ನೋಡಿ ‘ಇದು ಹೋಗಿದೆ’ ಅಂದರೆ ಒಪ್ಪಬೇಡಿ. ಮೂರೂ ಸರಿ ಇದ್ದರೆ ಹಳೇ ಮಾಡೆಲ್‌ನಲ್ಲಿ ಟೈಮರ್, ಹೊಸದರಲ್ಲಿ ಸೆನ್ಸರ್ ಮತ್ತು ಬೋರ್ಡ್ ನೋಡಬೇಕು. ಬದಲಿಸಿದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ.

ಇನ್ನೊಂದು. ಕಂಪ್ರೆಸರ್ ಮೇಲಿನ ಸ್ಟಿಕ್ಕರ್ ಓದಿ. ‘ಆರ್-600ಎ’ ಅಂತಿದ್ದರೆ ಅದು ಬೆಂಕಿ ಹತ್ತುವ ಗ್ಯಾಸ್. ಮುಂದೆ ಯಾರಾದರೂ ಪೈಪ್ ಬೆಸುಗೆ ಹಾಕುತ್ತೇನೆ ಅಂತ ಅಡುಗೆಮನೆಯಲ್ಲೇ ಬೆಸುಗೆಯ ಬೆಂಕಿ ಟಾರ್ಚ್ ಹಚ್ಚಲು ಬಂದರೆ ಬೇಡ ಅನ್ನಿ. ಆ ಗ್ಯಾಸಿನ ಕೆಲಸ ಕಲಿತವರನ್ನೇ ಕರೆಸಿ.