ಎರಡನೇ ದರ್ಜೆಯ ಮಹಿಳಾ ಸೆವೆನ್ಸ್: ಹನ್ನೆರಡು ತಂಡ ಆರಕ್ಕಿಳಿದದ್ದು ಸರಿಯಾ?

ಅಂಕಗಣಿತ:
ಮಹಿಳಾ ರಗ್ಬಿ ಸೆವೆನ್ಸ್‌ನಲ್ಲಿ (ತಂಡಕ್ಕೆ ಏಳು ಜನ, 14 ನಿಮಿಷದ ಆಟ) ಎರಡನೇ ದರ್ಜೆ ಅಂದರೆ ಇತ್ತೀಚಿನವರೆಗೂ ವರ್ಲ್ಡ್ ರಗ್ಬಿಯ ಚಾಲೆಂಜರ್ ಸರಣಿ. ಮಹಿಳೆಯರ ಮೊದಲ ಕೂಟ 2020ರಲ್ಲೇ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ನಲ್ಲಿ ನಡೆಯಬೇಕಿತ್ತು, ಕೊರೊನಾ ನುಂಗಿತು. 2022ರ ಆಗಸ್ಟ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಒಂದೇ ಕೂಟ, ಗೆದ್ದ ಜಪಾನ್ ನೇರ ಮೇಲಿನ ದರ್ಜೆಗೆ. 2023ರ ಏಪ್ರಿಲ್‌ನಲ್ಲಿ ಸ್ಟೆಲೆನ್‌ಬಾಷ್‌ನಲ್ಲಿ ಎರಡು ಕೂಟ, ದಕ್ಷಿಣ ಆಫ್ರಿಕಾ ನೇರ ಮೇಲಕ್ಕೆ. 2024ರಲ್ಲಿ ದುಬೈ, ಮಾಂಟೆವಿಡಿಯೊ, ಕ್ರಾಕೋವ್ ಅಂತ ಕೂಟಗಳು ಮೂರಾದವು, ನೇರ ಬಡ್ತಿ ಮಾತ್ರ ಹೋಯಿತು. 2025ರಲ್ಲಿ ಕೇಪ್‌ಟೌನ್‌ನಲ್ಲಿ ಎರಡು, ಕ್ರಾಕೋವ್‌ನಲ್ಲಿ ಒಂದು.

2025-26ರಿಂದ ಮನೆಯನ್ನೇ ಕೆಡವಿ ಕಟ್ಟಿದ್ದಾರೆ. ಮೇಲೆ 8, ನಡುವೆ 6, ಕೆಳಗೆ 8. ನಡುವಿನ ಆರು ತಂಡಗಳಿಗೆ ನೈರೋಬಿ, ಮಾಂಟೆವಿಡಿಯೊ, ಸಾವೊ ಪಾಲೊ. ಕೆಳಗಿನ ಎಂಟಕ್ಕೆ ದುಬೈಯಲ್ಲಿ ಒಂದೇ ಒಂದು ವಾರಾಂತ್ಯ. ಹನ್ನೆರಡು ತಂಡಗಳ ಮೊದಲಿನ ವ್ಯವಸ್ಥೆಯಲ್ಲಿ ಏಳನೇ, ಎಂಟನೇ ಸ್ಥಾನದ ತಂಡಕ್ಕೂ ವರ್ಷಕ್ಕೆ ಎರಡು ಮೂರು ದೊಡ್ಡ ಕೂಟ ಸಿಗುತ್ತಿತ್ತು. ಈಗ ಆ ಬಾಗಿಲು ಮುಚ್ಚಿತು. ನನ್ನ ಪ್ರಕಾರ ಇದು ತಪ್ಪು ನಡೆ. ನಿಮ್ಮ ಅಭಿಪ್ರಾಯ?

ಸೀಟಿ:
ಒಪ್ಪಲ್ಲ. ಹನ್ನೆರಡು ತಂಡ ಇದ್ದಾಗ ನಾಲ್ಕು ನಾಲ್ಕರ ಮೂರು ಗುಂಪು. ಗುಂಪಿನ ಮೂರು ಪಂದ್ಯದಲ್ಲಿ ಒಂದು ಸಲೀಸು, ಒಂದು ಏಕಪಕ್ಷೀಯ ಸೋಲು, ಒಂದು ಮಾತ್ರ ನಿಜವಾದ ಪೈಪೋಟಿ. ಅದಕ್ಕೆ ಅಷ್ಟು ದೂರ ಹಾರಬೇಕಾ? ಆರು ತಂಡಗಳಲ್ಲಿ ಯಾವ ಪಂದ್ಯವೂ ಪುಕ್ಕಟೆ ಅಲ್ಲ. ಬೆಳೆಯುವುದಕ್ಕೆ ಬೇಕಾದ್ದು ಬಿಗಿ ಪಂದ್ಯ. ಪಂದ್ಯಗಳ ಎಣಿಕೆ ಹೆಚ್ಚಾದರೆ ಏನೂ ಬರುವುದಿಲ್ಲ.

ಅಂಕಗಣಿತ:
ಏಕಪಕ್ಷೀಯ ಸೋಲಿಗೂ ಅಲ್ಲಿ ಬೆಲೆ ಇತ್ತು ಸರ್. ಮೂರು ಗುಂಪಿನ ಮೊದಲ ಎರಡು ತಂಡಗಳು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮ ಇಬ್ಬರು ಕ್ವಾರ್ಟರ್‌ಫೈನಲ್‌ಗೆ. ಸೆವೆನ್ಸ್‌ನಲ್ಲಿ ಗೆದ್ದರೆ 3, ಡ್ರಾ ಆದರೆ 2, ಸೋತರೂ 1. ಮೂರನೇ ಸ್ಥಾನದ ತಂಡ ಸಾಮಾನ್ಯವಾಗಿ ಒಂದು ಗೆದ್ದು ಎರಡು ಸೋತಿರುತ್ತದೆ, ಅಂದರೆ 5. ಮೂರೂ ಗುಂಪಲ್ಲಿ ಮೂರನೆಯವರು 5ರಲ್ಲೇ ನಿಂತರೆ ಗಳಿಸಿದ ಮತ್ತು ಬಿಟ್ಟುಕೊಟ್ಟ ಪಾಯಿಂಟ್‌ಗಳ ಅಂತರವೇ ತೀರ್ಪು. ಬಲಾಢ್ಯರ ಎದುರು 0–24ರಲ್ಲಿ ನಿಲ್ಲಿಸುವುದಕ್ಕೂ 0–38ಕ್ಕೆ ಬಿಡುವುದಕ್ಕೂ ಇರುವ ವ್ಯತ್ಯಾಸ ಬರೀ ಮರ್ಯಾದೆಯದ್ದಲ್ಲ. ಆ ಎರಡು ಟ್ರೈಗಳೇ (ಟ್ರೈ ಅಂದರೆ ಎದುರಾಳಿಯ ಗೆರೆಯಾಚೆ ಚೆಂಡು ಊರುವುದು) ಎರಡನೇ ದಿನ ಕ್ವಾರ್ಟರ್‌ಫೈನಲ್ಲೋ ಒಂಬತ್ತನೇ ಸ್ಥಾನದ ಪಂದ್ಯವೋ ಅಂತ ಹೇಳುತ್ತವೆ.

ಹತ್ತುಮೀಟರ್:
ಆರೋ ಹನ್ನೆರಡೋ ಅನ್ನುವ ಜಗಳ ನಡೆಯಲಿ. ಆದರೆ ಈ ದರ್ಜೆಯ ಪಂದ್ಯಗಳು ಹೋಗುವುದು ಎಲ್ಲಿ ಅಂತ ನೋಡಿದರೆ ಬಹುಪಾಲು ಕಿಕ್‌ಆಫ್‌ನಲ್ಲಿ, ಅಂದರೆ ನಡುಗೆರೆಯಿಂದ ಚೆಂಡು ಒದ್ದು ಆಟ ಶುರು ಮಾಡುವಾಗ.

ಹದಿನೈದು ಜನರ ಆಟದಲ್ಲಿ ಟ್ರೈ ಬಿಟ್ಟುಕೊಟ್ಟ ತಂಡ ಚೆಂಡು ಒದೆಯುತ್ತದೆ. ಸೆವೆನ್ಸ್‌ನಲ್ಲಿ ಉಲ್ಟಾ, ಟ್ರೈ ಹೊಡೆದವರೇ ಮತ್ತೆ ಒದೆಯಬೇಕು. ತಾನು ಒದ್ದದ್ದನ್ನು ತಾನೇ ಹಿಡಿದರೆ ಎದುರಾಳಿಗೆ ಚೆಂಡೇ ಸಿಗದೆ ಎರಡು ಟ್ರೈ ಆಗಿಹೋಗುತ್ತವೆ. 21–19ರ ಪಂದ್ಯ ಅಂದರೆ ಆರು ಟ್ರೈ. ಎರಡು ಅರ್ಧಗಳ ಆರಂಭ ಸೇರಿಸಿದರೆ ಏಳೆಂಟು ಕಿಕ್‌ಆಫ್. ಅರ್ಧಕ್ಕೆ 7 ನಿಮಿಷ, ಅದರಲ್ಲಿ ಒಂದು ತಂಡದ ಕೈಗೆ ಚೆಂಡು ಬರುವುದೇ ನಾಲ್ಕೈದು ಸಲ. ಎರಡು ಕಿಕ್‌ಆಫ್ ಕೈತಪ್ಪಿದರೆ ಅರ್ಧ ಆಟವೇ ಕೈತಪ್ಪಿದ ಹಾಗೆ.

ತಪ್ಪುವುದು ಹೇಗೆ ಅಂದರೆ, ಒಂದು, ಚೆಂಡು ಹತ್ತು ಮೀಟರ್ ದಾಟುವುದಿಲ್ಲ. ಎರಡು, ನೆಲ ಮುಟ್ಟದೆ ಪಕ್ಕದ ಗೆರೆಯಾಚೆ ಹೋಗುತ್ತದೆ. ಮೂರು, ಓಡುವವರು ಆತುರಪಟ್ಟು ಒದೆಯುವವಳಿಗಿಂತ ಮುಂದೆ ಹೋಗಿರುತ್ತಾರೆ. ಸೆವೆನ್ಸ್‌ನಲ್ಲಿ ಮೂರಕ್ಕೂ ಒಂದೇ ಶಿಕ್ಷೆ: ಮೈದಾನದ ನಟ್ಟನಡುವೆ ಎದುರಾಳಿಗೆ ಫ್ರೀ ಕಿಕ್. ಕಾಲಿಗೆ ತಾಗಿಸಿ ಓಡಿದರೆ ಆಯಿತು, ನಮ್ಮವರು ಹತ್ತು ಮೀಟರ್ ಹಿಂದೆ ಸರಿಯುತ್ತಲೇ ಇರುತ್ತಾರೆ.

ಸ್ಕ್ರಮ್‌ಬದಿ:
ಹತ್ತುಮೀಟರ್ ಅವರೇ, ಒದೆತದ ಎತ್ತರದ ಬಗ್ಗೆಯೂ ಹೇಳಿ. ಹತ್ತು ಮೀಟರ್ ಗೆರೆ ದಾಟಿಸುವುದು ಯಾರಿಗಾದರೂ ಬರುತ್ತೆ. ಮೇಲಿನ ದರ್ಜೆಯವರು ಎದ್ದು ಕಾಣುವುದು ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನುವುದರಲ್ಲಿ.

ಹತ್ತುಮೀಟರ್:
ಸರಿಯಾದ ಮಾತು. ಲೆಕ್ಕ ಸುಲಭ. ಓಡಿ ಬರುವವಳ ಸರಾಸರಿ ವೇಗ ಸೆಕೆಂಡಿಗೆ 6 ಮೀಟರ್ ಅಂದುಕೊಳ್ಳಿ. ಚೆಂಡು 3 ಸೆಕೆಂಡ್ ಮೇಲಿದ್ದರೆ ಅವಳು 18 ಮೀಟರ್ ಮುಟ್ಟುತ್ತಾಳೆ. ನಾಲ್ಕೈದು ಮೀಟರ್ ಹಿಂದಿನಿಂದ ಓಟ ಶುರು ಮಾಡಿದರೆ, ನಡುಗೆರೆಯಿಂದ 12–14 ಮೀಟರ್ ದೂರ ಬೀಳುವ ಚೆಂಡಿಗೆ ಸರಿಯಾದ ಹೊತ್ತಿಗೆ ಜಿಗಿಯಬಹುದು. ಅದೇ ಚೆಂಡು ಚಪ್ಪಟೆಯಾಗಿ ಹೋಗಿ 25 ಮೀಟರ್ ದೂರ ಬಿದ್ದರೆ ಎದುರಾಳಿ ನಿಂತಲ್ಲೇ ಹಿಡಿದು, ತಲೆ ಎತ್ತಿ ನೋಡಿ, ಬೇಕಾದ ಕಡೆ ಓಡುತ್ತಾಳೆ.

ಚಪ್ಪಟೆಯಾಗುವುದಕ್ಕೆ ಕಾರಣ ಹೆಚ್ಚಾಗಿ ಕಾಲಲ್ಲ, ಕೈ. ಡ್ರಾಪ್ ಕಿಕ್‌ನಲ್ಲಿ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುವಾಗ ಒದೆಯುವುದು) ಚೆಂಡನ್ನು ಮೈಯಿಂದ ದೂರ ಬಿಟ್ಟರೆ ಪಾದ ಚಾಚಿ ಒದೆಯಬೇಕಾಗುತ್ತದೆ, ಚೆಂಡು ಮುಂದಕ್ಕೇ ಹೋಗುತ್ತದೆ, ಮೇಲಕ್ಕೆ ಏಳುವುದಿಲ್ಲ. ಚೆಂಡಿನ ಮೇಲ್ತುದಿ ಸ್ವಲ್ಪ ತನ್ನ ಕಡೆ ವಾಲಿರಬೇಕು, ಸೊಂಟದೆತ್ತರದಿಂದ ಬಿಡಬೇಕು, ಎಸೆಯಬಾರದು. ನೆಲಕ್ಕೆ ತಾಗಿ ಇನ್ನೇನು ಏಳಬೇಕು ಅನ್ನುವಾಗ ಪಾದ ಅದರ ಅಡಿಗೆ ಹೋಗಬೇಕು. ಒದ್ದ ಮೇಲೆ ಎದೆ ಹಿಂದಕ್ಕೆ ಬೀಳಲೂ ಬಾರದು. ಬಿದ್ದರೆ ಎತ್ತರ ಬರುತ್ತೆ, ಹತ್ತು ಮೀಟರ್ ದಾಟುವುದಿಲ್ಲ. ಎದುರುಗಾಳಿಯಲ್ಲಂತೂ ಖಂಡಿತ ದಾಟುವುದಿಲ್ಲ.

ಸೀಟಿ:
ಹಿಡಿಯುವ ಕಡೆಯ ತಪ್ಪುಗಳೂ ಕಡಿಮೆ ಇಲ್ಲ. ಜಿಗಿಯುವವಳನ್ನು ಮುಂದೊಬ್ಬಳು, ಹಿಂದೊಬ್ಬಳು ಎತ್ತುತ್ತಾರೆ. ಚೆಂಡು ಬೀಳುವ ಜಾಗಕ್ಕೆ ಮೂವರೂ ಒಟ್ಟಿಗೆ ಸರಿದು ಆಮೇಲೆ ಎತ್ತಬೇಕು. ಹೊಸ ತಂಡಗಳು ನಿಂತಲ್ಲೇ ಎತ್ತಿಬಿಡುತ್ತವೆ, ಗಾಳಿಗೆ ಚೆಂಡು ಎರಡು ಮೀಟರ್ ಅತ್ತ ಹೋಯಿತೆಂದರೆ ಮೇಲಿದ್ದವಳು ಬರಿಗೈ, ಕೆಳಗಿನ ಇಬ್ಬರು ಆಟದಿಂದಲೇ ಹೊರಗೆ.

ಓಡಿ ಬರುವವರಿಗೆ ಒಂದು ಎಚ್ಚರಿಕೆ. ಗಾಳಿಯಲ್ಲಿರುವವಳ ಕಾಲಿಗೆ ಡಿಕ್ಕಿ ಹೊಡೆದರೆ ಕಾರ್ಡ್ ಬರುವುದೇ ಹೆಚ್ಚು. ಚೆಂಡು ಸಿಗುವ ಸಾಧ್ಯತೆ ಇದ್ದರೆ ಜಿಗಿಯಿರಿ, ಇಲ್ಲವಾದರೆ ಅವಳ ಪಾದ ನೆಲ ಮುಟ್ಟುವವರೆಗೆ ಕಾಯಿರಿ. ಯೆಲ್ಲೋ ಕಾರ್ಡ್ ಅಂದರೆ 2 ನಿಮಿಷ ಹೊರಗೆ, 14ರಲ್ಲಿ ಏಳನೇ ಒಂದು ಭಾಗ. 70 ಮೀಟರ್ ಅಗಲದ ಮೈದಾನ. ಹಿಂದೆ ಕಾವಲಿಗೆ ಒಬ್ಬ ಸ್ವೀಪರ್ ಬಿಟ್ಟರೆ ಮುಂದಿನ ರಕ್ಷಣಾ ಸಾಲಿನಲ್ಲಿ ಆರು ಜನ, ತಲಾ 12 ಮೀಟರ್ ಹತ್ತಿರ ಕಾಯಬೇಕು. ಕಾರ್ಡ್ ಬಿದ್ದರೆ ಐದು ಜನ, ತಲಾ 14. ಸ್ವೀಪರನ್ನು ಮುಂದೆ ಕರೆದರೆ ಹಿಂದೆ ಬಯಲು.

ಅಂಕಗಣಿತ:
ಇದೆಲ್ಲ ನಿಜ, ಆದರೆ ನನ್ನ ಮಾತಿಗೇ ಪುಷ್ಟಿ. ಈ ಕೆಲಸ ಕೈಗೆ ಹತ್ತುವುದು ಒತ್ತಡದ ಪಂದ್ಯಗಳಲ್ಲಿ, ಅಭ್ಯಾಸದ ಮೈದಾನದಲ್ಲಲ್ಲ. ವರ್ಷಕ್ಕೊಂದು ವಾರಾಂತ್ಯ ಆಡುವ ತಂಡಕ್ಕೆ ಐದಾರು ಪಂದ್ಯ. ಅಷ್ಟರಲ್ಲಿ ಏನು ಹತ್ತೀತು?

ಸೀಟಿ:
ಒತ್ತಡ ಅಂತೀರಲ್ಲ, 2024ರ ಮ್ಯಾಡ್ರಿಡ್ ಬಡ್ತಿ ಕೂಟ ನೆನಪಿಸಿಕೊಳ್ಳಿ. ಚಾಲೆಂಜರ್‌ನ ಮೊದಲ ನಾಲ್ಕು, ಮೇಲಿನ ದರ್ಜೆಯ ಕೊನೆಯ ನಾಲ್ಕು. ನಾಲ್ಕು ನಾಲ್ಕರ ಎರಡು ಗುಂಪು. ಆಮೇಲೆ ಒಂದು ಗುಂಪಿನ ಮೊದಲನೆಯವರಿಗೆ ಇನ್ನೊಂದರ ಕೊನೆಯವರು, ಎರಡನೆಯವರಿಗೆ ಮೂರನೆಯವರು. ಹೀಗೆ ನಾಲ್ಕು ಪಂದ್ಯ, ಗೆದ್ದ ನಾಲ್ವರು ಮುಂದಿನ ಋತುವಿಗೆ ಮೇಲೆ. ಗುಂಪಿನ ಮೂರಕ್ಕೆ ಮೂರೂ ಸೋತವರಿಗೂ ಆ ಕೊನೆಯ ಪಂದ್ಯ ಇದ್ದೇ ಇತ್ತು! ಮೂರು ಖಂಡ ಸುತ್ತಿ ಸಂಪಾದಿಸಿದ್ದೆಲ್ಲ 14 ನಿಮಿಷಕ್ಕೆ ಅಡವು. ಇದಕ್ಕಿಂತ ಆರರ ವ್ಯವಸ್ಥೆ ಎಷ್ಟೋ ಮೇಲು. ಮೂರು ಕೂಟದ ಒಟ್ಟು ಅಂಕದ ಮೇಲೆ ಮೊದಲ ನಾಲ್ಕು ತಂಡ ಮೇಲಿನ ಎಂಟರ ಜೊತೆ ವಿಶ್ವ ಚಾಂಪಿಯನ್‌ಶಿಪ್ ಕೂಟಗಳಿಗೆ ಹೋಗುತ್ತವೆ. ಒಂದು ಕೆಟ್ಟ ಮಧ್ಯಾಹ್ನ ಎಲ್ಲವನ್ನೂ ಕೆಡಿಸುವುದಿಲ್ಲ.

ಸ್ಕ್ರಮ್‌ಬದಿ:
ಮ್ಯಾಡ್ರಿಡ್‌ನಲ್ಲಿ ಅನ್ಯಾಯ ಏನಾಯಿತು? ಚಾಲೆಂಜರ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಚೀನಾ ಮೇಲೆ ಹೋಯಿತು. ಜಪಾನ್, ಸ್ಪೇನ್, ಬ್ರೆಜಿಲ್ ಉಳಿದುಕೊಂಡವು. ಹಿಂದಿನ ವರ್ಷವಷ್ಟೇ ಮೇಲೆ ಹೋಗಿದ್ದ ದಕ್ಷಿಣ ಆಫ್ರಿಕಾ ಕೆಳಗಿಳಿಯಿತು. ಎರಡು ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ಚೀನಾ ಕ್ವಾರ್ಟರ್‌ಫೈನಲ್ ಆಡಿತು. ಅರ್ಹರೇ ಹೋದರು ಅಂತಾಯಿತಲ್ಲ.

ಸೀಟಿ:
ಫಲ ಸರಿ ಬಂತು ಅಂತ ವಿಧಾನ ಸರಿ ಆಗುವುದಿಲ್ಲ. ನಾಣ್ಯ ಚಿಮ್ಮಿದರೂ ಒಮ್ಮೊಮ್ಮೆ ಬೇಕಾದ್ದೇ ಬೀಳುತ್ತೆ.

ಬೆಂಚ್_12:
ನಡುವೆ ಬಾಯಿ ಹಾಕ್ತೀನಿ. ಮಹಿಳಾ ಸೆವೆನ್ಸ್‌ನ ಚರ್ಚೆಯಲ್ಲಿ ಕನ್ವರ್ಷನ್ ಬಗ್ಗೆ ಯಾರೂ ಮಾತಾಡುವುದಿಲ್ಲ ಏಕೆ? ಟ್ರೈಗೆ 5, ಕನ್ವರ್ಷನ್‌ಗೆ (ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯುವುದಕ್ಕೆ) 2. ಮೂರು ಟ್ರೈ ಹೊಡೆದು ಒಂದೂ ಒದೆತ ಒಳಗೆ ಹೋಗದಿದ್ದರೆ 15. ಎದುರಾಳಿ ಎರಡೇ ಟ್ರೈ, ಎರಡೂ ಒಳಗೆ, 14. ಒಂದಿಡೀ ಟ್ರೈ ಹೆಚ್ಚು ಹೊಡೆದರೂ ಸಿಕ್ಕ ಲಾಭ ಒಂದು ಪಾಯಿಂಟ್. ಮೂಲೆಯಲ್ಲಿ ಚೆಂಡು ಊರಿದರೆ ಒದೆಯುವುದೂ ಅದೇ ನೇರದಿಂದ, ಅದೂ ಡ್ರಾಪ್ ಕಿಕ್, ಟ್ರೈ ಆದ 30 ಸೆಕೆಂಡಿನೊಳಗೆ. ಆದ್ದರಿಂದ ಗೆರೆ ದಾಟಿದ ಮೇಲೆ ಹಿಂದೆ ಯಾರೂ ಇಲ್ಲದಿದ್ದರೆ ಕಂಬಗಳ ಕಡೆ ತಿರುಗಿ ಓಡಬೇಕು. ಎಷ್ಟೋ ಜನ ಖುಷಿಯಲ್ಲಿ ಅಲ್ಲೇ ಹಾರಿ ಬೀಳುತ್ತಾರೆ.

ಏಳುಮಂದಿ:
ಇದಕ್ಕೆ ನಮ್ಮದೇ ಉದಾಹರಣೆ ಇದೆ. ಏಷ್ಯಾದೊಳಗಿನ ಎರಡನೇ ದರ್ಜೆ, ಏಷ್ಯಾ ರಗ್ಬಿ ಸೆವೆನ್ಸ್ ಟ್ರೋಫಿ. 2022ರಲ್ಲಿ ಜಕಾರ್ತದಲ್ಲಿ ಭಾರತಕ್ಕೆ ಬೆಳ್ಳಿ, 2024ರಲ್ಲಿ ಕಠ್ಮಂಡುವಿನಲ್ಲೂ ಬೆಳ್ಳಿ. ಕಠ್ಮಂಡು ಫೈನಲ್ ಫಿಲಿಪೀನ್ಸ್ ಎದುರು 5–7. ಎರಡೂ ಕಡೆ ಒಂದೊಂದೇ ಟ್ರೈ. ವ್ಯತ್ಯಾಸ ಒಂದು ಕನ್ವರ್ಷನ್.

ಬೆಂಚ್_12:
ಇದನ್ನೇ ಹೇಳುತ್ತಿದ್ದದ್ದು.

ಸ್ಕ್ರಮ್‌ಬದಿ:
ಆದರೆ ಕನ್ವರ್ಷನ್ ಬಿಟ್ಟುಕೊಡಬೇಕಾದ ಹೊತ್ತೂ ಇದೆ. ಆಗ ಗಡಿಯಾರ ನಿಲ್ಲುವುದಿಲ್ಲ. 10 ಪಾಯಿಂಟ್ ಹಿಂದೆ ಇದ್ದೀರಿ, 30 ಸೆಕೆಂಡ್ ಉಳಿದಾಗ ಟ್ರೈ ಬಂತು. ಈಗ ಅಂತರ 5. ನಿಧಾನಕ್ಕೆ ನಡೆದು ಹೋಗಿ ಒದ್ದರೆ ಸಮಯ ಅಲ್ಲೇ ಮುಗಿಯುತ್ತೆ, ಕಿಕ್‌ಆಫ್ ಇಲ್ಲ, ಪಂದ್ಯ ಮುಗೀತು. ಬೇಡ ಅಂತ ರೆಫರಿಗೆ ಕೂಡಲೇ ಹೇಳಿದರೆ ಕಿಕ್‌ಆಫ್ ಉಳಿಯುತ್ತದೆ, ಆದರೆ ಗೆಲ್ಲಲು ಮುಂದಿನ ಟ್ರೈಗೆ ಕನ್ವರ್ಷನ್ ಸೇರಲೇಬೇಕು. ಕಂಬದ ಕೆಳಗೇ ಟ್ರೈ ಆಗಿದ್ದರೆ ಮೂರನೇ ದಾರಿ: ಚೆಂಡು ಊರಿದವಳೇ ಎದ್ದು ನಾಲ್ಕು ಹೆಜ್ಜೆ ಹಿಂದೆ ಬಂದು ತಟ್ಟನೆ ಒದ್ದುಬಿಡುವುದು. ಅಂತರ 3, ಇನ್ನೊಂದು ಟ್ರೈ ಸಾಕು. ಇದನ್ನು ಮೊದಲೇ ಮಾತಾಡಿಕೊಂಡಿರಬೇಕು. ಗೆರೆಯ ಹತ್ತಿರ ನಿಂತು ಕೋಚ್ ಮುಖ ನೋಡುವುದರಲ್ಲೇ ಹತ್ತು ಸೆಕೆಂಡ್ ಹೋಗುತ್ತೆ.

ಹತ್ತುಮೀಟರ್:
ಮತ್ತು ಆ ಕೊನೆಯ ಕಿಕ್‌ಆಫ್ ಮೇಲಿನ ಲೆಕ್ಕದ ಪ್ರಕಾರ 12–14 ಮೀಟರ್‌ಗೇ ಬೀಳಬೇಕು. ಉದ್ದ ಒದ್ದರೆ ಎದುರಾಳಿ ಹಿಡಿದು, ಸಮಯ ಮುಗಿಯುತ್ತಲೇ ಹೊರಗೆ ಒದ್ದು ಕೈ ತೊಳೆದುಕೊಳ್ಳುತ್ತಾರೆ.

ಅಂಕಗಣಿತ:
ಹನ್ನೆರಡರ ಪರ ನನ್ನ ವಾದ ಬಿಟ್ಟಿಲ್ಲ, ಆದರೆ ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಆರರ ಮೂರು ಕೂಟ ಇರಲಿ. ಕೆಳಗಿನ ಎಂಟಕ್ಕೂ ಒಂದರ ಬದಲು ಎರಡು ವಾರಾಂತ್ಯ ಕೊಡಲಿ, ಅದೂ ಒಂದೇ ಊರಲ್ಲಿ ಒಂದರ ಹಿಂದೊಂದು, 2023ರ ಸ್ಟೆಲೆನ್‌ಬಾಷ್, 2025ರ ಕೇಪ್‌ಟೌನ್ ಹಾಗೆ. ವಿಮಾನದ ಖರ್ಚು ಒಂದೇ, ಪಂದ್ಯ ದುಪ್ಪಟ್ಟು. ಮೊದಲ ವಾರ ಕಂಡ ತಪ್ಪನ್ನು ನಡುವಿನ ದಿನಗಳಲ್ಲಿ ತಿದ್ದಿ ಎರಡನೇ ವಾರ ಪರೀಕ್ಷಿಸಬಹುದು.

ಸೀಟಿ:
ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹನ್ನೆರಡು ಜನರ ಪಟ್ಟಿಯಲ್ಲಿ ಎರಡು ವಾರಾಂತ್ಯ ಅಂದರೆ ಹತ್ತು ಹನ್ನೆರಡು ಪಂದ್ಯ. ಮೊದಲ ವಾರ ಇಬ್ಬರಿಗೆ ತೊಡೆಯ ಸ್ನಾಯು ಹಿಡಿದರೆ ಬೆಂಚ್‌ನಲ್ಲಿ ಐವರ ಬದಲು ಮೂವರು. ಎರಡನೇ ವಾರಕ್ಕೆ ಪಟ್ಟಿ ಬದಲಿಸಲು ಅವಕಾಶ ಇಟ್ಟು, ಹದಿನೈದು ಹದಿನಾರು ಜನರನ್ನು ಕರೆದುಕೊಂಡು ಹೋಗಬೇಕಾಗುತ್ತೆ. ಆ ಮೂರ್ನಾಲ್ಕು ಟಿಕೆಟ್‌ನ ದುಡ್ಡು ಯಾರು ಕೊಡುತ್ತಾರೆ ಅನ್ನುವುದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.