ಒಂಬತ್ತು ವರ್ಷ ನಿಂತುಹೋದ ನಾಟಕ ತಂಡ: ಮತ್ತೆ ಶುರು ಮಾಡೋದು ಹೇಗೆ?
(ಒಂದು ಆನ್‌ಲೈನ್ ಚರ್ಚೆ; ಬರೆದವರ ಹೆಸರೆಲ್ಲ ಅಡ್ಡಹೆಸರು)

ಹಳೇ ಟ್ರಂಕು:
ನಮ್ಮದು ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರ. 1996ರಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬ ಟೈಲರ್ ಸೇರಿ ಕಟ್ಟಿದ ಹವ್ಯಾಸಿ ತಂಡ. ಕನ್ನಡದ ಸಣ್ಣಕತೆಗಳಿಗೆ ರಂಗರೂಪ ಕೊಟ್ಟು ಆಡೋದೇ ಕೆಲಸ. ಸಂಘ ಅಂತ ನೋಂದಣಿ ಆಗಿತ್ತು. ಯಾರೂ ಸಂಬಳ ತಗೊಂಡವರಲ್ಲ, ಬಂದ ದುಡ್ಡೆಲ್ಲ ಮುಂದಿನ ನಾಟಕಕ್ಕೆ. 2016ರಲ್ಲಿ ಕೊನೆಯ ಪ್ರಯೋಗ. ಆಮೇಲೆ ಕಾರ್ಯದರ್ಶಿ ತೀರಿಕೊಂಡರು, ಹುಡುಗರು ಬೆಂಗಳೂರಿಗೆ ಹೋದರು, ಕೊರೊನಾ ಬಂತು.

ಹೋದ ತಿಂಗಳು ಕಾರ್ಯದರ್ಶಿಯವರ ಹೆಂಡತಿ ಕರೆದು ಒಂದು ಟ್ರಂಕು ಕೊಟ್ಟರು. ತೆಗೆದರೆ ನುಸಿಗುಳಿಗೆ ವಾಸನೆ. ಮೇಲೆ ಕಪ್ಪು ಕೋಟು, ಕಚ್ಚೆಪಂಚೆ. ಅಡಿಯಲ್ಲಿ ಅವರೇ ಕೈಯಲ್ಲಿ ಬರೆದ ನಾಟಕದ ನೋಟ್‌ಬುಕ್ಕು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಇಲ್ಲಿ ಅವಸರ ಬೇಡ’, ‘ಲಾಟೀನು ಅವಳ ಕೈಗೆ’ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಕೂರೋಕೆ ಆಗ್ತಿಲ್ಲ.

ಈಗ ಇರೋದು ನಾಲ್ಕು ಜನ. ಖಾತೆಯಲ್ಲಿ 14 ಸಾವಿರ ಇರಬೇಕು. ದೊಡ್ಡ ಕಾದಂಬರಿಯನ್ನೇ ಎತ್ತಿಕೊಂಡರೆ ಜನ ಬರ್ತಾರೆ ಅಂತ ಒಬ್ಬರು ಹಟ ಹಿಡಿದಿದ್ದಾರೆ. ಯಾವುದರಿಂದ ಶುರು ಮಾಡೋದು ಹೇಳಿ.

ಲೆಕ್ಕದ ಪುಸ್ತಕ:
ಸರ್, ಮೊದಲು ಒಂದು ಸರ್ವಸದಸ್ಯರ ಸಭೆ ಕರೆದು ಹೊಸ ಕಾರ್ಯದರ್ಶಿಯನ್ನು ಆರಿಸಿ, ನಡಾವಳಿ (ಸಭೆಯ ತೀರ್ಮಾನಗಳ ದಾಖಲೆ) ಬರೆಯಿರಿ. ಆ ನಡಾವಳಿ ಇಲ್ಲದೆ ಬ್ಯಾಂಕಿನಲ್ಲಿ ಸಹಿ ಬದಲಾಗೋದಿಲ್ಲ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗುತ್ತೆ. ದುಡ್ಡು ಎಲ್ಲೂ ಹೋಗಿರಲ್ಲ, ಕೆವೈಸಿ ಕೊಟ್ಟರೆ ಮತ್ತೆ ಚಾಲೂ ಆಗುತ್ತೆ. ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಪ್ರತಿ ವರ್ಷ ಕೊಡಬೇಕಾದ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನಿಮ್ಮದು ಬಾಕಿ ಇರುತ್ತೆ. ಊರಿನ ಆಡಿಟರ್ ಒಬ್ಬರನ್ನು ಕರ್ಕೊಂಡು ಹೋಗಿ ಕೇಳಿ. ಈ ಕೆಲಸ ಬೇಜಾರಿನದು, ನಿಜ. ಆದರೆ ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕಬೇಕಾದರೆ ಇದೇ ಕಾಗದಗಳು ಬೇಕು. ಇನ್ನೊಂದು ವಿಷಯ, ನಾಟಕದ ಟಿಕೆಟ್ಟು ತಲೆಗೆ 500 ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ.

ಸೈಡ್‌ವಿಂಗ್:
ದೊಡ್ಡ ಕಾದಂಬರಿ ಈಗ ಬೇಡವೇ ಬೇಡ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರು ರಂಗಾಯಣದ ಆವರಣದಲ್ಲಿ ರಾತ್ರಿಯಿಡೀ ನಡೀತು. ನೋಡುವವರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗ್ತಿದ್ದರು. ಅದರ ಹಿಂದೆ ಒಂದು ದೊಡ್ಡ ಸಂಸ್ಥೆ ಇತ್ತು. ನಾಲ್ಕು ಜನಕ್ಕೆ ನಾಲ್ಕು ಜನದ ಕತೆ ಸಾಕು.

ಹಕ್ಕಿನ ವಿಷಯ ಮರೀಬೇಡಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಮಾಸ್ತಿ ಹೋಗಿದ್ದು 1986ರಲ್ಲಿ, ಹಾಗಾಗಿ ಅವರ ಕತೆಗೆ ಅನುಮತಿ ಬೇಕು. ಕೊಡಗಿನ ಗೌರಮ್ಮ 1939ರಲ್ಲೇ ತೀರಿಕೊಂಡರು, ಅವರ ಕತೆ ಯಾರು ಬೇಕಾದರೂ ಆಡಬಹುದು. ಎಷ್ಟು ಚೆನ್ನಾಗಿ ಬರೀತಿದ್ದರು ಆಕೆ! ನಮ್ಮ ತಂಡಗಳು ಯಾಕೆ ಅವರನ್ನು ಜಾಸ್ತಿ ಮುಟ್ಟಲ್ಲ ಅಂತ ನನಗೆ ನೋವಿದೆ.

ರಂಗರೂಪ ಮಾಡುವಾಗ ಎಲ್ಲವನ್ನೂ ಸಂಭಾಷಣೆ ಮಾಡೋಕೆ ಹೋಗಬೇಡಿ. ನಾವು ಹಾಗೆ ಮಾಡಿ ಕೆಟ್ಟಿದ್ದೇವೆ. ‘ಅವಳು ಬಾಗಿಲು ಹಾಕಲಿಲ್ಲ’ ಅನ್ನೋ ವಾಕ್ಯವನ್ನು, ಬಾಗಿಲ ಹತ್ತಿರ ನಿಂತ ನಟಿಯೇ ನಮ್ಮ ಕಡೆ ತಿರುಗಿ ಹೇಳಲಿ. ಯಕ್ಷಗಾನದ ಭಾಗವತರನ್ನು ಕೇಳಿ ಬೆಳೆದ ಜನ ನಾವು, ಕತೆ ಹೇಳೋದು ಆಡೋದು ಎರಡೂ ಒಟ್ಟಿಗೆ ನಡೆದರೆ ಯಾರಿಗೂ ತೊಡಕಾಗಲ್ಲ.

ಮುಂದಿನ ಸಾಲು:
ನಾನು ಬರೀ ಪ್ರೇಕ್ಷಕಿ. ಒಂಬತ್ತು ವರ್ಷದಲ್ಲಿ ನಿಮ್ಮ ಊರಿಗೆ ನಾಟಕ ನೋಡೋ ಅಭ್ಯಾಸವೇ ತಪ್ಪಿರುತ್ತೆ ಅಲ್ವಾ? ನಿಮ್ಮದಕ್ಕಿಂತ ಮೊದಲು ಬೇರೆಯವರ ನಾಟಕ ಕರೆಸಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರಿಗೆ ಹೋಗ್ತಿದೆ. ಒಂದು ಸಂಜೆ ಆಡಿಸಿ, ನಿಮ್ಮ ನಾಲ್ಕೂ ಜನ ಮನೆಮನೆಗೆ ಟಿಕೆಟ್ ಹಿಡಿದು ಹೋಗಿ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟು ಬಂದವರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ. ‘ನಾನೂ ಪಾತ್ರ ಮಾಡ್ತೀನಿ’ ಅನ್ನೋ ಒಬ್ಬರಾದರೂ ಅವತ್ತೇ ಸಿಗ್ತಾರೆ. ನಾನು ನಮ್ಮೂರಿನ ತಂಡಕ್ಕೆ ಚಹಾ ಮಾಡೋಕೆ ಸೇರಿದ್ದು ಹಾಗೇನೇ.

ಹಳೇ ಟ್ರಂಕು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಡಾವಳಿ ಪುಸ್ತಕ ಟ್ರಂಕಿನಲ್ಲೇ ಇತ್ತು, ಸಭೆ ಮುಂದಿನ ವಾರ ಇಟ್ಟಿದ್ದೇವೆ. ನಿನ್ನೆ ಸಂಜೆ ನಮ್ಮ ಜಗಲಿಯಲ್ಲಿ ಗೌರಮ್ಮನವರ ಒಂದು ಕತೆ ಓದಿದೆವು. ಕಾರ್ಯದರ್ಶಿಯವರ ಹೆಂಡತಿಯೂ ಬಂದಿದ್ದರು. ಎರಡನೇ ಪುಟಕ್ಕೆ ನಮ್ಮವನೊಬ್ಬ ಓಡಿಸೋಕೆ ಶುರು ಮಾಡಿದ. ಅವರು ತಲೆ ಎತ್ತದೆ ‘ಅವಸರ ಬೇಡ’ ಅಂದರು. ಮತ್ತೆ ಮೊದಲ ಪುಟದಿಂದ ಓದಿದೆವು.